ಹಾಸು ನಲವತ್ತೊಂದು

ಜೂನ್ ಕೊನೆಗೆ ಬಂದಿಳಿದೆ ಕಿಡ್ರನ್ ಪಾಯಿಂಟಿಗೆ,
ಮಿಶಿಗನ್ ಸರೋವರದ ತಣ್ಣನೆ ಮಗ್ಗುಲಿಗೆ.
ಕೈಯಲ್ಲಿ ವಿಶ್ವವಿದ್ಯಾಲಯದ ಪತ್ರ, ಒಂದು ಡಬ್ಬಿ ಪೆನ್ಸಿಲು,
ಆರು ವಾರಕ್ಕೆ ಸಾಲುವಷ್ಟು ದುಡ್ಡು.
ಸಾಲಲಿಲ್ಲ, ಆ ಮಾತು ಬೇರೆ.

ಹುಡುಕಬೇಕಾದ್ದು ಇಷ್ಟೆ:
ನೂರಿಪ್ಪತ್ತು ವರ್ಷದ ಹಿಂದೆ ಶಿಕಾಗೋದ ಸೆಕೆಗೆ ಬೆನ್ನು ಹಾಕಿ
ಟ್ರಂಕು, ಪಿಟೀಲು, ಮಕ್ಕಳ ಸಮೇತ ಹಡಗಿಳಿದು
ಬೇಸಿಗೆಯಿಡೀ ಉಪನ್ಯಾಸ ಕೇಳುತ್ತಿದ್ದರಲ್ಲ,
ಅವರು ಏನು ಕೇಳಿದರು? ಕೇಳಿ ಏನಾದರು?

ಕಾರ್ಯದರ್ಶಿ ಮಿಸೆಸ್ ಥಾರ್ನ್‌ಡೈಕ್, ಇಲ್ಲಿನ ಐದನೆಯ ತಲೆಮಾರು.
ಅವರ ಜಗಲಿಯ ತೂಗುಬೆಂಚು ಕಿರುಗುಟ್ಟುವುದಕ್ಕೂ ಚರಿತ್ರೆಯಿದೆ.
"ಗಂಟೆ ಹೊಡೆದರೆ ಇಡೀ ಪಾಯಿಂಟು ಮೌನ,
ಒಂದರಿಂದ ಮೂರು. ಈಗಲೂ ಮುರಿದಿಲ್ಲ" ಎಂದರು.
ಎಂದದ್ದು ಒಂದೂಕಾಲಿಗೆ, ಪಿಸುಮಾತಿನಲ್ಲಿ.

ಸಭಾಂಗಣದ ಅಟ್ಟ. ಬಾವಲಿ ಹಿಕ್ಕೆಯ ಕೆಳಗೆ ಕಾರ್ಯಕ್ರಮ ಪಟ್ಟಿಗಳು:
ಗ್ರೀಕರ ರಂಗಭೂಮಿ. ಹವಳದ ಹುಟ್ಟು. ಹಲ್ಲಿನ ಆರೋಗ್ಯ.
ಆತ್ಮದ ಅಮರತ್ವ, ಎರಡು ಭಾಗಗಳಲ್ಲಿ
(ಎರಡನೆಯದು ಮಳೆಯಿಂದ ರದ್ದು).
ಹೇಳಿದವರ ಹೆಸರೆಲ್ಲ ದಪ್ಪಕ್ಷರದಲ್ಲಿದೆ.
ಕೇಳಿದವರ ಡೈರಿಯಲ್ಲಿ ದೋಣಿ, ಕೇಕು, ಸೊಳ್ಳೆ,
ಯಾರ ಟೋಪಿ ಯಾರದಕ್ಕಿಂತ ಅಗಲ.
ನಾಲ್ಕು ವಾರಕ್ಕೆ ನನಗೆ ದಕ್ಕಿದ್ದು ಸೀನು.

ಗೇಟಿನಾಚೆ ಡಾರ್ಲಾ ಕೊಸ್ಕೆಲಾಳ ಅಂಗಡಿ,
ಗಾಳದ ಹುಳು, ಸಿಗರೇಟು, ಸುಮಾರಾದ ಕಾಫಿ.
"ಮುತ್ತಜ್ಜಿ ಹಿಲ್ಯಾ ಒಳಗಿನವರ ಬಟ್ಟೆ ಒಗೆಯುತ್ತಿದ್ದಳು,
ಬೇಕಾದರೆ ನೋಡು" ಎಂದು ಹುಳುವಿನ ಕೈ ಒರೆಸಿಕೊಂಡು
ಬಿಸ್ಕತ್ತಿನ ಡಬ್ಬದಿಂದ ತೆಗೆದಳು ಲೆಕ್ಕದ ಪುಸ್ತಕ.
ಸಾಬೂನು ನೀರು ಕುಡಿದು ಉಬ್ಬಿದ ಅಂಚು. ಫಿನ್ನಿಷ್ ಬರಹ.
ಡಾರ್ಲಾಳ ಅಮ್ಮ ಬದಿಯಲ್ಲಿ ಇಂಗ್ಲಿಷಿನಲ್ಲಿ ಬಿಡಿಸಿಟ್ಟಿದ್ದಳು:

ಹಾಸು ನಲವತ್ತೊಂದು. ದಿಂಬಿನ ಚೀಲ ಅರವತ್ತು.
ಶನಿಗೆ ಬಳೆ ಇದೆಯಂತೆ.

ಹಾಸು ಮೂವತ್ತೆಂಟು. ಒಂದರಲ್ಲಿ ರಕ್ತ, ತಣ್ಣೀರಲ್ಲಿ ನೆನೆಹಾಕಿದೆ.
ಹವಳ ಕಲ್ಲಲ್ಲವಂತೆ, ಜೀವವಂತೆ.

ಟವೆಲು ಇಪ್ಪತ್ತು. ಇವತ್ತಿನವನಿಗೆ ಕೆಮ್ಮು.
ಆತ್ಮದ್ದು ಅರ್ಧ ಕೇಳಿಸಲಿಲ್ಲ.

ಒಳಗೆ ಹೋಗಲು ಚೀಟಿ ನಲವತ್ತು ಸೆಂಟು. ಅವಳ ದಿನಗೂಲಿ ಅರವತ್ತು.
ಒಗೆದದ್ದನ್ನು ಹರವುವ ಹಗ್ಗ ಮಾತ್ರ
ಸಭಾಂಗಣದ ಹಿಂಬೇಲಿಗೇ ಕಟ್ಟಿದ್ದಳಂತೆ.
ಹೋಗಿ ನೋಡಿದೆ. ಕಂಬದ ಕೊಕ್ಕೆ ಇನ್ನೂ ಇದೆ, ತುಕ್ಕು ಹಿಡಿದು.
ಬೆಳಿಗ್ಗೆ ಹೋದೆ, ಮಧ್ಯಾಹ್ನ ಹೋದೆ, ಸಂಜೆಗೂ ಹೋದೆ:
ಹೆಮ್ಲಾಕ್ ಮರಗಳ ಸಂದಿ, ದಿನವಿಡೀ ನೆರಳು.
ಅಲ್ಲಿ ಒಂದು ಕರವಸ್ತ್ರ ಒಣಗಲೂ ಅರ್ಧ ದಿನ ಬೇಕು.

ಇಪ್ಪತ್ತು ಹೆಜ್ಜೆಯಾಚೆ ದಂಡೆಯಲ್ಲಿ
ಬಿಸಿಲು ಸುಮ್ಮನೆ ಬಿದ್ದಿತ್ತು.

ಅವರ ಹಾಸಿಗೆಯನ್ನೆಲ್ಲ ಮಡಿ ಮಾಡಿದವಳು
ತಾನು ಮೈಲಿಗೆಯ ಕಡೆ ನಿಂತು,
ಒದ್ದೆ ಹಾಸಿನ ಮರೆಯಲ್ಲಿ, ಬಾಯಲ್ಲಿ ಮರದ ಚಿಮ್ಮಟ ಕಚ್ಚಿ,
ಕಲಿತಿನ್ನೂ ಮೂರು ವರ್ಷವಾಗದ ಭಾಷೆಯಲ್ಲಿ
ಗ್ರಹಗಳನ್ನು ಕೇಳಿಸಿಕೊಂಡಳು.

ವರದಿ ಆಗಸ್ಟ್ ಹದಿನೈದಕ್ಕೆ ಕೊಡಬೇಕು.
ಅಂತೆಕಂತೆಗೆ ಅಡಿಟಿಪ್ಪಣಿ ಹಾಕುವುದು ಹೇಗೆ?
ಮಿಸೆಸ್ ಥಾರ್ನ್‌ಡೈಕ್ ಪುಟ ತಿರುವಿ ಕನ್ನಡಕ ತೆಗೆದರು,
"ನಮ್ಮ ಕುಟುಂಬದ ಹಾಸು ಎಷ್ಟಿತ್ತು?" ಎಂದರು.
ಒಂಬತ್ತು, ಎಂದೆ. ಆಮೇಲೆ ಬಹಳ ಹೊತ್ತು
ಬೆಂಚೂ ಕಿರುಗುಟ್ಟಲಿಲ್ಲ.

ಡಾರ್ಲಾ ಹೇಳಿದಳು, ಹಿಲ್ಯಾ ಅಂದರೆ ಮೌನ ಅಂತ ಅರ್ಥ.
ಅದನ್ನು ಬರೆದುಕೊಂಡೆ, ಹೊಡೆದುಹಾಕಿದೆ,
ಕವಿತೆಯಾಗಿಬಿಡುತ್ತದೆ ಎಂದು.

ಪುಸ್ತಕದ ಕೊನೆಯ ಪುಟ ಮಾತ್ರ ಇದ್ದ ಹಾಗೇ ಇಡುತ್ತೇನೆ:

ಸೆಪ್ಟೆಂಬರ್. ಹಾಸು ಇಲ್ಲ. ಎಲ್ಲರೂ ಹೋದರು.
ರಾತ್ರಿ ದಂಡೆಗೆ ಹೋಗಿ ಶನಿಯನ್ನು ನೋಡಿದೆ.
ಬಳೆ ಕಾಣಲಿಲ್ಲ.
ಇದೆಯಂತೆ.